ರಾಗಿ ಹಿಟ್ಟಿನ ಮೇಲಿನ ಹೆಜ್ಜೆ

ರಾತ್ರಿ ಎರಡು ಗಂಟೆ. ಅಡುಗೆಮನೆಯ ಸಜ್ಜಾದ ಮೇಲೆ ಕರಕರ ಸದ್ದು. ಎದ್ದು ಲೈಟ್ ಹಾಕಿದರೆ ಗಪ್‌ಚುಪ್. ಆರಿಸಿ ಬಂದು ಮಲಗಿ ಐದು ನಿಮಿಷ ಆಗಿರುವುದಿಲ್ಲ, ಮತ್ತೆ ಶುರು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೈಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಇಲಿ ಕಾಟಕ್ಕೆ ಹೀಗೆ ಹತ್ತು ಹನ್ನೆರಡು ರಾತ್ರಿ ನಿದ್ದೆಗೆಟ್ಟೆವು. ನಮ್ಮದು ಕೆಳಗಿನ ಮನೆ. ಪಕ್ಕದಲ್ಲಿ ಖಾಲಿ ಸೈಟು, ಸೈಟಿನ ತುಂಬ ಪಾರ್ಥೇನಿಯಂ, ಅದರ ನಡುವೆ ಯಾರ್ಯಾರೋ ಕತ್ತಲಲ್ಲಿ ಎಸೆದು ಹೋಗುವ ಕಸದ ಕವರು. ಮೊದಲು ಆಲೂಗಡ್ಡೆ ಬುಟ್ಟಿಗೆ ಬಾಯಿ ಬಿತ್ತು. ಆಮೇಲೆ ಅಮ್ಮ ಊರಿಂದ ಕಟ್ಟಿ ತಂದಿದ್ದ ಹಲಸಿನ ಹಪ್ಪಳಕ್ಕೆ. ಮೂರನೆಯದು ವಾಷಿಂಗ್ ಮೆಷಿನ್ ಪೈಪು. ಬಟ್ಟೆ ಹಾಕಿ ಸ್ವಿಚ್ ಒತ್ತಿ ಈಚೆ ಬಂದೆ, ಸ್ವಲ್ಪ ಹೊತ್ತಿಗೆ ಹಾಲಿನವರೆಗೂ ಸೋಪಿನ ನೀರು.

ಪೈಪಿನಲ್ಲಿ ತಿನ್ನುವಂಥದ್ದು ಏನಿದೆ ಅಂತ ಅಮ್ಮ ಕೇಳಿದರು. ತಿನ್ನುವುದಕ್ಕಲ್ಲ. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಪೈಪು, ವೈರು, ಬಾಗಿಲ ಮೂಲೆ, ಸೋಪು, ಯಾವುದಾದರೂ ಸರಿ.

ಎದುರು ಮನೆಯ ಆಂಟಿ ಒಂದೇ ಮಾತು ಹೇಳಿದರು. “ಸುಮ್ನೆ ಪಾಷಾಣ ಇಡಮ್ಮ, ಎರಡು ದಿನದಲ್ಲಿ ಎಲ್ಲ ಕ್ಲೀನ್.” ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ, ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಅಂಗಡಿಯಲ್ಲಿ ಟೂತ್‌ಪೇಸ್ಟ್ ಪಕ್ಕದಲ್ಲೇ ಸಿಗುತ್ತದೆ. ಆದರೆ ನಾನು ಇನ್ನು ಜೀವಮಾನದಲ್ಲಿ ಪಾಷಾಣ ಇಡುವುದಿಲ್ಲ. ಯಾಕೆ ಅಂತ ಅವತ್ತು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳುತ್ತೇನೆ.

ಏಳು ವರ್ಷದ ಹಿಂದೆ ಬೇರೆ ಬಡಾವಣೆಯಲ್ಲಿದ್ದೆವು. ಅಲ್ಲೂ ಇಲಿ ಕಾಟ. ಅಂಗಡಿಯಿಂದ ನೀಲಿ ಬಣ್ಣದ ಸಣ್ಣ ಸಣ್ಣ ಬಿಲ್ಲೆಗಳ ಪ್ಯಾಕೆಟ್ ತಂದು ಹಿತ್ತಲ ಗೋಡೆಯ ಪಕ್ಕ, ಮೋರಿಯ ಪಕ್ಕ ಇಟ್ಟೆ. ಮೂರು ದಿನದಲ್ಲಿ ಎಲ್ಲ ಖಾಲಿ. ಐದನೇ ದಿನ ಎರಡು ಇಲಿ ಅಂಗಳದಲ್ಲಿ ಹಾಡುಹಗಲೇ ತೂರಾಡಿಕೊಂಡು ಓಡಾಡುತ್ತಿದ್ದವು. ನನಗೆ ಆಗ ಖುಷಿಯೇ ಆಗಿತ್ತು. ಆ ಹಿತ್ತಲಿಗೆ ಒಂದು ಬೆಕ್ಕು ಬರುತ್ತಿತ್ತು. ಬಿಳಿ ಮೈ, ಹಣೆಯ ಮೇಲೆ ಒಂದು ಕಪ್ಪು ಬೊಟ್ಟು. ಚುಕ್ಕಿ ಅಂತ ಕರೆಯುತ್ತಿದ್ದೆವು. ಸಾಕಿದ್ದಲ್ಲ, ಆದರೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸುವ ಸದ್ದಿಗೆ ಸರಿಯಾಗಿ ಬಾಗಿಲಲ್ಲಿ ಇರುತ್ತಿತ್ತು. ಅದಾಗಿ ಒಂದು ವಾರಕ್ಕೆ ಚುಕ್ಕಿ ಬಾಗಿಲಿಗೆ ಬಂತು, ಹಾಲು ಮೂಸಿ ನೋಡಿತು, ಕುಡಿಯಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಮಲಗಿಬಿಟ್ಟಿತು. ಮೂಗಿನ ಹತ್ತಿರ ಒಂದು ಸಣ್ಣ ರಕ್ತದ ಗೆರೆ. ಆಟೋದಲ್ಲಿ ಹಾಕಿಕೊಂಡು ಹೋದೆ. ಡಾಕ್ಟರು ಅದರ ತುಟಿ ಎತ್ತಿ ನೋಡಿದರು. ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು.

“ಮನೆ ಹತ್ತಿರ ಯಾರಾದ್ರೂ ಇಲಿ ಪಾಷಾಣ ಇಟ್ಟಿದ್ರಾ?”

“ನಾನೇ ಇಟ್ಟಿದ್ದೆ ಡಾಕ್ಟ್ರೇ.”

ಅವರು ಏನೂ ಬೈಯಲಿಲ್ಲ. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು. ತಡವಾಗಿತ್ತು. ಆ ಬಿಲ್ಲೆಯಲ್ಲಿರುವ ಬ್ರೊಮಾಡಿಯೊಲೋನ್ ಮಾಡುವುದು ಇಷ್ಟೇ: ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದ ವಿಟಮಿನ್ ಕೆ ಮೈಯಲ್ಲಿ ಮತ್ತೆ ಮತ್ತೆ ಬಳಕೆಗೆ ಬರದ ಹಾಗೆ ತಡೆಯುತ್ತದೆ. ಇಲಿ ಅದನ್ನು ತಿಂದ ದಿನವೇ ಸಾಯುವುದಿಲ್ಲ. ನಾಲ್ಕೈದು ದಿನ ಓಡಾಡಿಕೊಂಡೇ ಇರುತ್ತದೆ, ಒಳಗೊಳಗೇ ರಕ್ತ ಸೋರುತ್ತದೆ, ಮೈ ನಿಧಾನವಾಗುತ್ತದೆ. ನಿಧಾನವಾದ ಇಲಿಯನ್ನು ಹಿಡಿಯುವುದು ಬೆಕ್ಕಿಗೆ ಸುಲಭ, ಗೂಬೆಗೆ ಸುಲಭ. ಇಲಿಯ ಜೊತೆ ಅದರ ಮೈಯೊಳಗಿನ ವಿಷವೂ ಅವುಗಳ ಹೊಟ್ಟೆಗೆ ಹೋಗುತ್ತದೆ. ಅಂದರೆ ನಾನು ಕೊಂದದ್ದು ಇಲಿಯನ್ನು ಮಾತ್ರ ಅಲ್ಲ, ನನ್ನ ಪರವಾಗಿ ಬಿಡಿಗಾಸು ಇಲ್ಲದೆ ಇಲಿ ಹಿಡಿಯುತ್ತಿದ್ದ ಜೀವವನ್ನೂ. ಇದನ್ನು ನೆನೆಸಿಕೊಂಡರೆ ಈಗಲೂ ಎದೆ ಭಾರ ಆಗುತ್ತದೆ.

ಬೇರೆ ಪಾಷಾಣಗಳು ಇದಕ್ಕಿಂತ ಒಳ್ಳೆಯವೇನಲ್ಲ. ರೈತರು ಬಳಸುವ ಬೂದು ಪುಡಿ, ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲ ಸೇರಿದ ಕೂಡಲೇ ಫಾಸ್ಫೀನ್ ಅನ್ನುವ ವಿಷಗಾಳಿ ಆಗುತ್ತದೆ. ಅದಕ್ಕೆ ಮರುಮದ್ದು ಇಲ್ಲ. ಹಳದಿ ರಂಜಕದ ಇಲಿ ಪೇಸ್ಟ್ ಇನ್ನೂ ಕೆಟ್ಟದ್ದು. ಟ್ಯೂಬು ನೋಡಿ ಹಲ್ಲುಜ್ಜುವ ಪೇಸ್ಟು ಅಂದುಕೊಂಡು ಬಾಯಿಗೆ ಹಾಕಿಕೊಂಡವರು ಇದ್ದಾರೆ, ಮಕ್ಕಳೂ ಇದ್ದಾರೆ. ಮೊದಲೆರಡು ದಿನ ಏನೂ ಆಗಿಲ್ಲ ಅನ್ನಿಸಬಹುದು, ಆಮೇಲೆ ಲಿವರ್ ಕೈಕೊಡುತ್ತದೆ. ಮನೆಯಲ್ಲಿ ಮಗು ಇದ್ದರೆ ದಯವಿಟ್ಟು ಆ ಟ್ಯೂಬನ್ನು ಹೊಸಿಲು ದಾಟಿಸಬೇಡಿ.

ಇನ್ನು ಅಂಟಿನ ಹಲಗೆ. ಪುಸ್ತಕದ ಹಾಗೆ ತೆರೆದು ಇಡುತ್ತಾರಲ್ಲ, ಅದು. ಅದರಲ್ಲಿ ಸಿಕ್ಕಿದ ಇಲಿ ಸಾಯುವುದಕ್ಕೆ ಒಂದೊಂದು ಸಲ ಇಡೀ ದಿನ ಬೇಕು. ಕಿತ್ತುಕೊಳ್ಳಲು ಹೋಗಿ ಚರ್ಮ ಹರಿದುಕೊಳ್ಳುತ್ತದೆ, ಕಿರುಚುತ್ತಲೇ ಇರುತ್ತದೆ. ಹಲ್ಲಿ, ಗುಬ್ಬಿ, ಓತಿಕ್ಯಾತವೂ ಅಂಟಿಕೊಳ್ಳುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದನ್ನು ಬಳಸಬೇಡಿ ಅಂತ ಹೇಳಿ ಬಹಳ ವರ್ಷ ಆಯಿತು, ಎಷ್ಟೋ ರಾಜ್ಯಗಳು ನಿಷೇಧವನ್ನೂ ಮಾಡಿವೆ. ಆದರೂ ಫುಟ್‌ಪಾತ್ ಮೇಲೆ ರಾಶಿ ಹಾಕಿ ಮಾರುತ್ತಾರೆ.

ಹಾಗಾದರೆ ಏನು ಮಾಡುವುದು? ಅವತ್ತು ರಾತ್ರಿ ಸಜ್ಜಾದ ಸದ್ದು ಕೇಳುತ್ತಾ ಮಲಗಿದ್ದಾಗ ನನಗೆ ನೆನಪಾದದ್ದು ಸಾಗರದ ಕಡೆಯ ನಮ್ಮ ಅಜ್ಜಿ ಮನೆ.

ಹೆಂಚಿನ ಮನೆ, ಮೇಲೆ ಅಟ್ಟ, ಅಟ್ಟದ ತುಂಬ ಅಡಿಕೆ, ತೆಂಗಿನಕಾಯಿ, ಹಪ್ಪಳದ ಡಬ್ಬಿ. ಇಲಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೂ ಅಜ್ಜಿ ಇಲಿ ಹಿಡಿಯುವುದರಲ್ಲಿ ಹೊತ್ತು ಕಳೆದದ್ದು ನಾನು ನೋಡಿಲ್ಲ. ಬೋನು ಇತ್ತು, ವರ್ಷಕ್ಕೆ ನಾಲ್ಕೈದು ಸಲ ಕೆಳಗಿಳಿಯುತ್ತಿತ್ತು ಅಷ್ಟೇ. ಬೋನು ಇಡುವ ದಿನ ಅದರ ಹೆಸರು ಹೇಳುವಂತಿಲ್ಲ. “ಇವತ್ತು ಅದನ್ನ ಇಡಬೇಕು” ಅಂತ ಮಾತ್ರ, ಅದೂ ಮೆಲ್ಲಗೆ. ಜೋರಾಗಿ ಹೇಳಿದರೆ ಇಲಿಗೆ ಕೇಳಿಸಿ ಅದು ಆ ಕಡೆ ಸುಳಿಯುವುದಿಲ್ಲ ಅನ್ನುವುದು ಅವರ ನಂಬಿಕೆ. ಮಿಕ್ಕ ದಿನಗಳಲ್ಲಿ ಅಜ್ಜಿ ಮಾಡುತ್ತಿದ್ದದ್ದು ದಾರಿ ಕಾಯುವ ಕೆಲಸ. ತೆಂಗಿನ ಮರಗಳಿಗೆಲ್ಲ ಆಳೆತ್ತರದಲ್ಲಿ ಒಂದು ಮೊಳ ಅಗಲದ ತಗಡು ಸುತ್ತಿಸಿದ್ದರು. ನುಣ್ಣನೆಯ ತಗಡಿನ ಮೇಲೆ ಇಲಿಯ ಉಗುರು ನಿಲ್ಲುವುದಿಲ್ಲ. ಹಾಲು ಮೊಸರಿನ ನೆಲುವು ಜಂತಿಯಿಂದ ಇಳಿಯುತ್ತಿತ್ತಲ್ಲ, ಆ ಹಗ್ಗದ ನಡುವೆ ತೂತು ಕೊರೆದ ಗೆರಟೆಯೊಂದನ್ನು ಬೋರಲಾಗಿ ಪೋಣಿಸಿದ್ದರು. ಹಗ್ಗ ಹಿಡಿದು ಇಳಿದ ಇಲಿಗೆ ಅಲ್ಲಿಂದ ಮುಂದೆ ದಾರಿ ಇಲ್ಲ. ಎಷ್ಟೋ ವರ್ಷದ ಮೇಲೆ ಪಣಂಬೂರಿನ ಬಂದರಿನಲ್ಲಿ ನಿಂತ ಹಡಗು ನೋಡಿದೆ. ದಡಕ್ಕೆ ಕಟ್ಟಿದ ಒಂದೊಂದು ಹಗ್ಗಕ್ಕೂ ದೊಡ್ಡ ತಟ್ಟೆಯಂಥ ತಗಡು. ಕೇಳಿದರೆ ಇಲಿ ಹಡಗು ಹತ್ತದಿರಲಿ ಅಂತ. ಅಜ್ಜಿಯ ಗೆರಟೆಯೇ ಅದು!

ಕೇರೆ ಹಾವು ಅಟ್ಟಕ್ಕೆ ಬಂದರೆ ಅಜ್ಜಿ ಮಕ್ಕಳನ್ನು ಕೆಳಗಿಳಿಸಿ ಏಣಿ ತೆಗೆದುಬಿಡುತ್ತಿದ್ದರು. “ಅದರ ಕೆಲಸ ಅದು ಮಾಡ್ಕೊಂಡು ಹೋಗ್ಲಿ.”

ಆದರೆ ಇಲಿ ತಾನಾಗಿ ಸತ್ತು ಬಿದ್ದಿದ್ದರೆ ಅಜ್ಜಿಯ ಮುಖವೇ ಬೇರೆ ಆಗುತ್ತಿತ್ತು. ಯಾರೂ ಹತ್ತಿರ ಹೋಗುವಂತಿಲ್ಲ. ದೂರದಿಂದ ಸೀಮೆಎಣ್ಣೆ ಸುರಿದು, ಕೋಲಿನಲ್ಲಿ ತಳ್ಳಿಕೊಂಡು ಹೋಗಿ ಸುಟ್ಟುಬಿಡುತ್ತಿದ್ದರು. ಚಿಕ್ಕವಳಿದ್ದಾಗ ಇದೇನು ಇಷ್ಟು ಭಯ ಅನ್ನಿಸುತ್ತಿತ್ತು. ಅದು ಅವರ ಅಮ್ಮನಿಂದ ಬಂದ ಭಯ, ಪ್ಲೇಗಿನ ಕಾಲದ್ದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಅಲ್ಲಿಂದ ಮುಂದೆ ಎಷ್ಟೋ ವರ್ಷ ಹಳೇ ಮೈಸೂರಿನ ಊರೂರಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ಮನೆಯಲ್ಲಿ ಇಲಿ ಬಿತ್ತು ಅಂದರೆ ಜನ ಪಾತ್ರೆಪಡಗ ಕಟ್ಟಿಕೊಂಡು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದೂ ಆ ಪ್ಲೇಗಿನ ಹಿಂದೆಯೇ. ಅದೇ 1898ರಲ್ಲಿ ಪಾಲ್ ಲೂಯಿ ಸಿಮೊಂ ಅನ್ನುವ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕೂತು ಈ ರೋಗ ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಅಂತ ತೋರಿಸಿದ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಚಿಗಟ ಬೆಚ್ಚಗಿನ ಬೇರೆ ಮೈ ಹುಡುಕಿಕೊಂಡು ಇಳಿಯುತ್ತದೆ. ಸೀಮೆಎಣ್ಣೆ ಹಾಕಿದರೆ ಇಳಿಯುವ ಮೊದಲೇ ಸಾಯುತ್ತದೆ. ಅಜ್ಜಿಗೆ ಸಿಮೊಂ ಗೊತ್ತಿರಲಿಲ್ಲ, ಕೆಲಸ ಮಾತ್ರ ಸರಿಯಾಗಿ ಗೊತ್ತಿತ್ತು.

ಮಾರನೆಯ ದಿನ ನಾನೂ ದಾರಿ ಹುಡುಕಲು ಕೂತೆ. ಮೊದಲು ಹಿಕ್ಕೆ ನೋಡಿದೆ. ಜೀರಿಗೆಯಷ್ಟಿದ್ದರೆ ಚಿಟ್ಟಿಲಿ. ಅರ್ಧ ಇಂಚಿನಷ್ಟು, ಎರಡೂ ತುದಿ ಚೂಪಾಗಿದ್ದರೆ ಮನೆ ಇಲಿ, ಅದೇ ಉದ್ದ ಬಾಲದ್ದು, ಗೋಡೆ ಹತ್ತುವುದರಲ್ಲಿ ಪಳಗಿದ್ದು. ಅದಕ್ಕೂ ದಪ್ಪ ಇದ್ದು, ಹೊರಗೆ ಗೋಡೆ ಬುಡದಲ್ಲಿ ತೋಡಿದ ಮಣ್ಣಿನ ಗುಡ್ಡೆ ಇದ್ದರೆ ಹೆಗ್ಗಣ. ಉದ್ದ ಮೂತಿಯದು ಚಿಕ್‌ಚಿಕ್ ಅನ್ನುತ್ತಾ ಗೋಡೆಯಂಚಲ್ಲಿ ಓಡಿ, ಹಿಂದೆ ಒಂದು ಕಟುವಾಸನೆ ಬಿಟ್ಟು ಹೋದರೆ ಅದು ಸೊಂಡಿಲಿ. ಅದು ಇಲಿಯ ಜಾತಿಯೇ ಅಲ್ಲ, ಜಿರಲೆ ಹುಳ ತಿಂದುಕೊಂಡಿರುತ್ತದೆ, ಪಾಪ ಅದನ್ನು ಬಿಟ್ಟುಬಿಡಿ. ನಮ್ಮ ಸಜ್ಜಾದ ಮೇಲಿದ್ದದ್ದು ಚೂಪು ತುದಿಯ ಹಿಕ್ಕೆ.

ರಾತ್ರಿ ಊಟ ಆಗಿ ಪಾತ್ರೆ ತೊಳೆದ ಮೇಲೆ ಜರಡಿಯಲ್ಲಿ ರಾಗಿ ಹಿಟ್ಟು ತೆಗೆದುಕೊಂಡೆ. ಸಿಂಕಿನ ಕೆಳಗೆ, ಸಿಲಿಂಡರ್ ಪಕ್ಕ, ಬಚ್ಚಲ ಬಾಗಿಲಲ್ಲಿ, ಸಜ್ಜಾದ ಅಂಚಿಗೆ, ಎಲ್ಲ ಕಡೆ ರಂಗೋಲಿ ಪುಡಿಗಿಂತ ತೆಳ್ಳಗೆ ಉದುರಿಸಿದೆ. ಒಳ್ಳೆ ಹಿಟ್ಟು ನೆಲಕ್ಕೆ ಹಾಕ್ತಿದೀಯಲ್ಲೇ ಅಂತ ಅಮ್ಮ ಗೊಣಗಿದರು. ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ತಾಗಿಸಿ ನೋಡಿದೆ. ಸಿಲಿಂಡರ್ ಹತ್ತಿರ ಏನಿಲ್ಲ. ಬಚ್ಚಲಲ್ಲಿ ಏನಿಲ್ಲ. ಸಿಂಕಿನ ಕೆಳಗೆ, ಗೋಡೆಗೆ ಒತ್ತಿಕೊಂಡು, ಸಾಲಾಗಿ ಪುಟ್ಟ ಪುಟ್ಟ ಹೆಜ್ಜೆ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ಬಾಲ ಎಳೆದ ಒಂದು ಗೆರೆ. ಅಷ್ಟು ಸ್ಪಷ್ಟ. ಹೆಜ್ಜೆ ಶುರುವಾಗಿದ್ದು ಸಿಂಕಿನ ಪೈಪು ಗೋಡೆಯೊಳಗೆ ಹೋಗುವ ಕಡೆ. ಪೈಪಿನ ಸುತ್ತ ಗಾರೆ ಉದುರಿ ನನ್ನ ಹೆಬ್ಬೆರಳು ತೂರುವಷ್ಟು ಸಂದಿ. ಮೂರು ವರ್ಷದಿಂದ ಆ ಸಿಂಕಿನ ಮುಂದೆ ದಿನಕ್ಕೆ ಮೂರು ಸಲ ನಿಂತಿದ್ದೇನೆ, ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ದೊಡ್ಡ ಇಲಿ ನುಸುಳುವುದಕ್ಕೆ ಅಷ್ಟು ಜಾಗ ಸಾಕು. ಚಿಟ್ಟಿಲಿಗೆ ಪೆನ್ನು ತೂರುವಷ್ಟಿದ್ದರೂ ಆಯಿತು.

ಕೂಡಲೇ ಮುಚ್ಚಲಿಲ್ಲ. ಒಳಗಿರುವುದು ಒಳಗೇ ಉಳಿದರೆ ಇನ್ನೂ ಕಷ್ಟ. ಹಾರ್ಡ್‌ವೇರ್ ಅಂಗಡಿಯಿಂದ ಎರಡು ಇಲಿ ಕತ್ತರಿ ತಂದೆ. ಮರದ ಹಲಗೆ, ಬಿಗಿಯಾದ ಸ್ಪ್ರಿಂಗ್ ಇರುವಂಥದ್ದು. ಬೋನು ಯಾಕೆ ಬೇಡ ಅಂದರೆ, ಬೋನಿನಲ್ಲಿ ಸಿಕ್ಕ ಇಲಿಯನ್ನು ಏನು ಮಾಡುತ್ತೀರಿ? ಜಾಸ್ತಿ ಜನ ಬೋನಿನ ಸಮೇತ ಬಕೆಟ್ ನೀರಿನಲ್ಲಿ ಮುಳುಗಿಸುತ್ತಾರೆ. ಅದು ನಿಮಿಷಗಟ್ಟಲೆ ಒದ್ದಾಡುತ್ತದೆ, ನನ್ನಿಂದ ಅದು ಆಗುವುದಿಲ್ಲ. ಇನ್ನು ಕೆಲವರು ಸ್ಕೂಟರಿನಲ್ಲಿ ಇಟ್ಟುಕೊಂಡು ಹೋಗಿ ಮುಂದಿನ ಬಡಾವಣೆಯ ಪಾರ್ಕಿನಲ್ಲಿ ಬಿಟ್ಟು ಬರುತ್ತಾರೆ. ಅಲ್ಲಿಯೂ ಮನೆಗಳಿವೆ ಅಲ್ವಾ? ಗೊತ್ತಿಲ್ಲದ ಜಾಗದಲ್ಲಿ ಬಿಲವೂ ಇಲ್ಲದೆ ಅದು ಬೆಳಗಾಗುವುದರೊಳಗೆ ಕಾಗೆಗೋ ನಾಯಿಗೋ ಸಿಗುತ್ತದೆ. ಕೊಲ್ಲಲೇಬೇಕು ಅಂದಮೇಲೆ ಒಂದು ಕ್ಷಣದಲ್ಲಿ ಮುಗಿಯಬೇಕು ಅನ್ನುವುದು ನನ್ನ ನಿರ್ಧಾರ. ಇದನ್ನು ಒಪ್ಪದವರು ಇರಬಹುದು, ಅವರ ಮೇಲೆ ನನಗೆ ಬೇಸರವಿಲ್ಲ.

ಕತ್ತರಿ ತಂದ ದಿನವೇ ಹೂಡಬಾರದು. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಹೊಸ ತಿಂಡಿಯನ್ನೂ ಮೊದಲು ಚೂರೇ ಚೂರು ತಿಂದು ನೋಡುತ್ತದೆ, ಯಾಕೆಂದರೆ ತಿಂದದ್ದನ್ನು ವಾಂತಿ ಮಾಡಲು ಇಲಿಗೆ ಆಗುವುದಿಲ್ಲ. ಮೂರು ರಾತ್ರಿ ಕತ್ತರಿಯನ್ನು ಹೂಡದೆ, ಕೊಬ್ಬರಿ ಚೂರು ಮಾತ್ರ ಇಟ್ಟೆ. ಕೊಬ್ಬರಿಯನ್ನು ಗ್ಯಾಸಿನ ಉರಿಗೆ ಹಿಡಿದು ಅಂಚು ಕಂದುವ ತನಕ ಸುಟ್ಟರೆ ಎಣ್ಣೆ ಬಿಟ್ಟು ವಾಸನೆ ಮನೆಯೆಲ್ಲ ಹರಡುತ್ತದೆ. ನಾಲ್ಕನೇ ರಾತ್ರಿ ಅದೇ ಕೊಬ್ಬರಿಯನ್ನು ದಾರದಿಂದ ಕತ್ತರಿಯ ನಾಲಗೆಗೆ ಬಿಗಿದು ಕಟ್ಟಿ ಹೂಡಿದೆ. ಕಟ್ಟದಿದ್ದರೆ ಮೆಲ್ಲಗೆ ಎತ್ತಿಕೊಂಡು ಹೋಗುತ್ತದೆ. ಇಲಿ ಯಾವಾಗಲೂ ಮೀಸೆ ಗೋಡೆಗೆ ತಾಗಿಸಿಕೊಂಡು ಓಡುವುದರಿಂದ ಕತ್ತರಿಯ ಕೊಬ್ಬರಿ ಕಡೆ ಗೋಡೆಗೆ ತಾಗಿರಬೇಕು, ಉಳಿದದ್ದು ಅಡ್ಡಕ್ಕೆ ಈಚೆ ಬರಬೇಕು. ಅಮ್ಮ ಅವತ್ತು “ಅದನ್ನ ಇಟ್ಯಾ?” ಅಂತ ಪಿಸುಗುಟ್ಟಿದರು. ನಾನೂ ಪಿಸುಮಾತಲ್ಲೇ ಹ್ಞೂಂ ಅಂದೆ.

ಒಂದು ಗಂಟೆ ಹೊತ್ತಿಗೆ ಫಟ್ ಅಂತ ಒಂದೇ ಸದ್ದು. ಆಮೇಲೆ ಏನೂ ಇಲ್ಲ.

ಬೆಳಿಗ್ಗೆ ಕೈಗವಸು ಹಾಕಿಕೊಂಡು ಎತ್ತಿದೆ. ಕಂದು ಬೆನ್ನು, ನಸುಬಿಳಿ ಹೊಟ್ಟೆ. ಹೊಟ್ಟೆಯ ಮೇಲೆ ಮೊಲೆತೊಟ್ಟುಗಳು ಉಬ್ಬಿ ಕೆಂಪಾಗಿದ್ದವು. ಹಾಲೂಡಿಸುವ ತಾಯಿ. ನೋಡಿದ ಕೂಡಲೇ ಮೇಲೆ ಮರಿ ಇದೆ ಅಂತ ಗೊತ್ತಾಯಿತು. ಸ್ಟೂಲ್ ಹಾಕಿಕೊಂಡು ಸಜ್ಜಾದ ಪೆಟ್ಟಿಗೆಗಳನ್ನು ಒಂದೊಂದೇ ಇಳಿಸಿದೆ. ಹಳೆ ಮಿಕ್ಸಿಯ ರಟ್ಟಿನ ಪೆಟ್ಟಿಗೆಯಲ್ಲಿ, ಸಣ್ಣಗೆ ಸೀಳಿದ ನ್ಯೂಸ್‌ಪೇಪರ್ ಮತ್ತು ಅಮ್ಮನ ಉಣ್ಣೆ ಶಾಲಿನ ನೂಲಿನ ನಡುವೆ ಆರು ಮರಿ, ಕಣ್ಣು ಬಿಟ್ಟಿರಲಿಲ್ಲ. ನಾಲ್ಕು ಆಗಲೇ ತಣ್ಣಗಾಗಿದ್ದವು, ಉಳಿದ ಎರಡು ಮಧ್ಯಾಹ್ನದ ಹೊತ್ತಿಗೆ ಹೋದವು. ಕರಿಬೇವಿನ ಗಿಡದ ಆಚೆ ಆಳವಾಗಿ ಗುಂಡಿ ತೋಡಿ ಮುಚ್ಚಿದೆ. ಅಮ್ಮ ಅವತ್ತು ಬೆಳಿಗ್ಗೆ ತಿಂಡಿ ತಿನ್ನಲಿಲ್ಲ. ಇಲಿಯ ಬಸಿರು ಬರೀ ಮೂರು ವಾರ, ಮರಿ ಮೂರ್ನಾಲ್ಕು ತಿಂಗಳಿಗೆಲ್ಲ ತಾನೂ ಮರಿ ಹಾಕುತ್ತದೆ. ಈ ಲೆಕ್ಕ ನನಗೆ ಗೊತ್ತಿದೆ, ಕೊಲ್ಲದೆ ವಿಧಿ ಇರಲಿಲ್ಲ ಅನ್ನುವುದೂ ಗೊತ್ತಿದೆ. ಆದರೂ ಆ ಸಂದಿಯನ್ನು ನಾನು ಒಂದು ತಿಂಗಳು ಮೊದಲೇ ನೋಡಿದ್ದರೆ ಆ ಪೆಟ್ಟಿಗೆ ತೆರೆಯುವ ಕೆಲಸವೇ ಇರುತ್ತಿರಲಿಲ್ಲ ಅನ್ನುವುದು ಮನಸ್ಸಿನಿಂದ ಹೋಗುತ್ತಿಲ್ಲ.

ಉತ್ತರ ಕರ್ನಾಟಕದಲ್ಲಿ ಗಣೇಶ ಚೌತಿಯ ಮರುದಿನ ಇಲಿವಾರ ಮಾಡುತ್ತಾರೆ. ನೇಕಾರರ ಮನೆಯಲ್ಲಿ ಇಲಿಗೆ ಎಡೆ ಇಟ್ಟು, ನೂಲು ಬಟ್ಟೆ ಕಡಿಯಬೇಡಪ್ಪಾ ಅಂತ ಬೇಡಿಕೊಳ್ಳುತ್ತಾರೆ. ಅದನ್ನು ಕೇಳಿದಾಗೆಲ್ಲ ನನಗೆ ಒಂಥರಾ ಸಮಾಧಾನ. ಒಂದೇ ಮನೆಯಲ್ಲಿ ಇರುವವರ ನಡುವಿನ ಮಾತು ಅದು.

ಮತ್ತೆ ಎರಡು ರಾತ್ರಿಯಲ್ಲಿ ಇನ್ನೆರಡು ಇಲಿ ಬಿದ್ದವು. ಆಮೇಲೆ ಮೂರು ದಿನ ಹಿಟ್ಟು ಹಾಗೇ ಇತ್ತು. ಆಗ ಗಾರೆ ಕೆಲಸದವರನ್ನು ಕರೆಸಿದೆ. ಸಂದಿಗೆ ಮೊದಲು ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತುರುಕಿ, ಮೇಲೆ ಗಾಜಿನ ಚೂರು ಕಲಸಿದ ಸಿಮೆಂಟ್ ಮೆತ್ತಿದರು. ಬರೀ ಸಿಮೆಂಟ್ ಆದರೆ ಒಣಗುವ ಮೊದಲೇ ಕೆರೆದು ಹಾಕುತ್ತದೆ ಅಂತ ಅವರೇ ಹೇಳಿದರು. ಬಚ್ಚಲ ಜಾಲಿಯನ್ನು ಸ್ಕ್ರೂ ಹಾಕಿ ಬಿಗಿಸಿದೆವು, ಯಾಕೆಂದರೆ ಇಲಿ ನೀರಲ್ಲಿ ಈಜಿಕೊಂಡು ಪೈಪಿನೊಳಗಿಂದಲೂ ಬರುತ್ತದೆ. ಹಿಂಬಾಗಿಲ ಕೆಳಗೆ ತಗಡಿನ ಪಟ್ಟಿ, ವೆಂಟಿಲೇಟರ್‌ಗೆ ಕಾಲು ಇಂಚಿನ ತಂತಿ ಜಾಲರಿ. ಕೋಳಿ ಗೂಡಿನ ಜಾಲರಿ ಹಾಕಬೇಡಿ, ಅದರ ಕಣ್ಣು ದೊಡ್ಡದು. ಎಲ್ಲ ಸೇರಿ ಅರ್ಧ ದಿನದ ಕೆಲಸ.

ಹಿಕ್ಕೆ ಗುಡಿಸುವ ವಿಷಯ ಒಂದು ಹೇಳಲೇಬೇಕು. ಒಣಪೊರಕೆ ತೆಗೆದುಕೊಂಡು ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಕಲಸಿದ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು, ಕೈಗವಸು ಹಾಕಿಕೊಂಡು ಒರೆಸಿ ತೆಗೆಯಿರಿ. ಇಲಿ ಜ್ವರ ಅಂತ ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ಹರಡುವುದು ಇಲಿಯ ಮೂತ್ರದಿಂದ. ಕೈಕಾಲಿನ ಸಣ್ಣ ಗಾಯವೊಂದೇ ಸಾಕು ಅದಕ್ಕೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದಲ್ಲಿ ಗದ್ದೆ, ಕೊಟ್ಟಿಗೆ ಕೆಲಸ ಮಾಡುವವರಿಗೆ ಇದು ಗೊತ್ತು. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಒಟ್ಟಿಗೆ ಬಂದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ, ಮನೆಯಲ್ಲಿ ಇಲಿ ಇತ್ತು ಅಂತ ಹೇಳಿ. ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ, ಬಿಟ್ಟರೆ ಕಿಡ್ನಿಗೆ ಹೋಗುತ್ತದೆ.

ಸೈಟಿನ ಕಸ ಮಾತ್ರ ಇನ್ನೂ ಹಾಗೇ ಇದೆ. ಓನರ್ ಬೇರೆ ಊರಲ್ಲಿದ್ದಾರೆ. ವಾರಕ್ಕೊಮ್ಮೆ ನಾನೂ ಮೇಲಿನ ಮನೆಯವರೂ ಸೇರಿ ರಸ್ತೆ ಬದಿಯಷ್ಟನ್ನು ತೆಗೆದುಹಾಕುತ್ತೇವೆ. ಅನ್ನ ಸಾರು ಕಟ್ಟಿ ಎಸೆದ ಕವರು ಒಂದು ಇದ್ದರೆ ಸಾಕು, ನಾನು ಇಲ್ಲಿ ಎಷ್ಟು ಸಂದಿ ಮುಚ್ಚಿದರೂ ಅಲ್ಲಿ ಅವಕ್ಕೆ ಊಟ ನಡೆಯುತ್ತಲೇ ಇರುತ್ತದೆ.

ಹೋದ ತಿಂಗಳು ಎದುರು ಮನೆಯ ಆಂಟಿ ಗೇಟಿನ ಹತ್ತಿರ ನಿಲ್ಲಿಸಿ, ಅವರ ಮನೆಗೂ ಇಲಿ ಬಂದಿದೆ, ಸಂಜೆ ಪಾಷಾಣ ತರಿಸುತ್ತೇನೆ ಅಂದರು. ಅವರ ಕಾಂಪೌಂಡ್ ಮೇಲೆ ಒಂದು ಬೂದು ಬೆಕ್ಕು ಬಿಸಿಲು ಕಾಯಿಸುತ್ತಾ ಮಲಗಿತ್ತು. ಅವತ್ತು ಚುಕ್ಕಿಯ ವಿಷಯ ಹೇಳಿದೆ, ಪೂರ್ತಿ, ಒಸಡು ಬೆಳ್ಳಗಾಗಿದ್ದ ತನಕ. ಅವರು ಸ್ವಲ್ಪ ಹೊತ್ತು ಬೆಕ್ಕನ್ನೇ ನೋಡುತ್ತಿದ್ದರು. ಆಮೇಲೆ “ಮತ್ತೆ ಏನ್ ಮಾಡ್ಲಿ ಹೇಳು” ಅಂದರು. ರಾತ್ರಿ ಊಟ ಆದಮೇಲೆ ಜರಡಿ, ಒಂದು ಬಟ್ಟಲು ರಾಗಿ ಹಿಟ್ಟು ತೆಗೆದುಕೊಂಡು ಹೋಗಿ ಅವರ ಅಡುಗೆಮನೆಗೆ ಉದುರಿಸಿ ಬಂದೆ. ಬೆಳಿಗ್ಗೆ ಆರೂ ಕಾಲಕ್ಕೆ ಫೋನ್.

“ಬೇಗ ಬಾ, ಟಾರ್ಚ್ ತಗೊಂಡು ಬಾ. ಫ್ರಿಜ್ ಹಿಂದಿಂದ ಬಂದಿದೆ, ಬೆರಳೆಲ್ಲ ಕಾಣ್ತಿದೆ.”